ಕಪ್ಪೆ ತೂಗಿದ ಹಾಗೆ

ಸುವಾ ಸರೋವರ ಈ ಚಳಿಗಾಲವೂ ಪೂರ್ತಿ ಹೆಪ್ಪುಗಟ್ಟಲಿಲ್ಲ.
ದಂಡೆಯಲ್ಲಷ್ಟೇ ಮಂಜುಗಡ್ಡೆಯ ತೆಳು ಹಾಳೆ,
ಬಾತು ಕಾಲಿಟ್ಟರೆ ಬಿರಿಯುವಷ್ಟು.
ಮೂರನೇ ಮಹಡಿಯಿಂದ ಅದನ್ನೇ ನೋಡುತ್ತ
ಪರದೆಯ ಮೇಲಿನ ಹನ್ನೊಂದನೇ ಗಾಜನ್ನು ಅಳಿಸಿದೆ.
ಸದ್ದೇನೂ ಆಗಲಿಲ್ಲ.

ಎಂಬತ್ತೈದು ಮಿಲಿಮೀಟರ್. ಪೂರ್ತಿ ತೆರೆದರೆ ಒಂದು ಪಾಯಿಂಟ್ ಎರಡು.
ಮಾರಾಟದವರು ಕೇಳಿದ್ದು ಇಷ್ಟೇ:
ರೆಪ್ಪೆಗೂದಲು ಎಣಿಸುವಂತಿರಬೇಕು,
ಹಿಂದಿನದೆಲ್ಲ ಬೆಣ್ಣೆಯಂತೆ ಕರಗಬೇಕು,
ದಿನವಿಡೀ ಮದುವೆ ತೆಗೆಯುವವಳ ಮಣಿಕಟ್ಟು ನೋಯಬಾರದು.
ಬೆಲೆಯನ್ನು ಮಾತ್ರ
ಎದ್ದು ಹೋಗುವಾಗ, ಬಾಗಿಲ ಹತ್ತಿರ ಹೇಳಿದರು.

ತಕ್ಕಡಿಯಲ್ಲಿ ಕಪ್ಪೆ ತೂಗಿದ್ದೀರಾ?
ಎರಡು ವರ್ಷ ನಾನು ಮಾಡಿದ್ದು ಅದನ್ನೇ.
ಕಪ್ಪು ಕೂದಲಿನ ಅಂಚಿಗೆ ಹತ್ತುವ ನೇರಳೆ ಗೆರೆಯನ್ನು
ಹಿಡಿದು ಕೂರಿಸಿದೆನೋ ಇಲ್ಲವೋ
ತೂಕ ಜಿಗಿದು ಒಂದೂಕಾಲು ಕಿಲೋ ಆಯಿತು.
ತೂಕ ಇಳಿಸಲೆಂದು ಅಚ್ಚಿನಲ್ಲಿ ಒತ್ತಿದ ಗಾಜು ತಂದರೆ
ದೂರದ ದೀಪಗಳ ಹೊಟ್ಟೆಯಲ್ಲೆಲ್ಲ
ಈರುಳ್ಳಿ ಹೆಚ್ಚಿಟ್ಟಂತೆ ಬಳೆ, ಬಳೆ.
ಕೊಳವೆ ಸಣ್ಣದು ಮಾಡಿದೆ;
ಮೂಲೆಯ ದೀಪಗಳು ಬೆಕ್ಕಿನ ಕಣ್ಣಾದವು.
ಒಳಗಿನ ಗಾಜು ದಪ್ಪವಾಯಿತು, ಮೋಟಾರು ಏದುಸಿರು ಬಿಟ್ಟಿತು,
ಮಗು ನಕ್ಕು ಮುಗಿಸಿದ ಮೇಲೆ
ಫೋಕಸ್ ಬಂದು ಬಾಗಿಲು ತಟ್ಟಿತು.

ಇನ್ನೊಂದಿತ್ತು, ಎಲ್ಲಕ್ಕಿಂತ ಹಟಮಾರಿ.
ಗಾಜಿನ ಅಂಚಿನಿಂದ ಬಂದ ಬೆಳಕು
ನಡುವಿನಿಂದ ಬಂದ ಬೆಳಕಿಗಿಂತ
ಕೂದಲೆಳೆಯಷ್ಟು ಮೊದಲೇ ಕೂಡುತ್ತದೆ.
ಅದು ತಪ್ಪು. ತಿದ್ದಬಹುದು. ತಿದ್ದಿದೆ.
ನಕ್ಷೆಯ ಗೆರೆ ಇಸ್ತ್ರಿ ಹಾಕಿದಂತೆ ಬಿತ್ತು,
ವಿಭಾಗದ ಮುಖ್ಯಸ್ಥರು ಟೀ ತರಿಸಿದರು.
ಆದರೆ ಆ ಚಿತ್ರದಲ್ಲಿ
ಹುಡುಗಿಯ ಕೆನ್ನೆ ಜಮೀನಿನ ಸರ್ವೆಯಂತಿತ್ತು,
ಹಿಂದಿನ ಒಣ ರೆಂಬೆಗಳು ಒರಟೊರಟಾಗಿ ಇಣುಕುತ್ತಿದ್ದವು.
ಸಂಜೆ ಎಲ್ಲರೂ ಹೋದ ಮೇಲೆ
ಆ ತಪ್ಪಿನಲ್ಲಿ ಒಂದು ಚಿಟಿಕೆ ವಾಪಸು ಹಾಕಿದೆ.
ಉಪ್ಪು ಹಾಕಿದ ಹಾಗೆ, ಅಳೆಯದೆ ಅಲ್ಲ,
ನಾಲಿಗೆಗೆ ತಾಗಿಸಿ, ತಾಗಿಸಿ.

ಮೊದಲ ಮಾದರಿಯನ್ನು ಹನಾಓಕ ಅವರೇ ಮೇಲೆ ತಂದರು,
ಫ್ಲಾನೆಲ್ ಬಟ್ಟೆಯಲ್ಲಿ ಸುತ್ತಿ, ಕೂಸಿನ ಹಾಗೆ.
ಕೆಳಗೆ ಗಾಜು ಉಜ್ಜುವ ಅಂಗಣದಲ್ಲಿ ಮೂವತ್ತನಾಲ್ಕು ವರ್ಷ.
ಮಾರ್ಚಿಗೆ ನಿವೃತ್ತಿ.
ಅವರನ್ನು ಅವರ ಯಂತ್ರದ ಮುಂದೆಯೇ ನಿಲ್ಲಿಸಿ ತೆಗೆದೆ.

ಎಡಗಣ್ಣು ಬಂದಿತ್ತು. ಏನು ಬಂದಿತ್ತು!
ಕೆಂಪು ನರ, ರೆಪ್ಪೆಗೆ ಅಂಟಿದ ಬಿಳಿ ಪುಡಿಯ ಕಣ.
ಮೂಗಿನ ತುದಿ ಆಗಲೇ ನೆನಪಾಗುತ್ತಿತ್ತು,
ಕಿವಿ ಇರಲೇ ಇಲ್ಲ.
ಹಿಂದೆ ಐದಾರು ಹುಣ್ಣಿಮೆಗಳು ಒಂದರ ಮೇಲೊಂದು.
ನಾನು ಹೆಮ್ಮೆಯಿಂದ ಕ್ಯಾಮೆರಾ ಅವರ ಕೈಗಿತ್ತೆ.

ಕನ್ನಡಕ ಏರಿಸಿ ತುಂಬ ಹೊತ್ತು ನೋಡಿದರು.
"ಮೊಮೊಸೆ-ಸಾನ್, ನನ್ನ ಯಂತ್ರ ಎಲ್ಲಿ?"
ಇದೇ, ಈ ನೀಲಿ ಗುಂಡು, ಅಂದೆ.
"ಮೊಮ್ಮಗಳಿಗೆ ಗುಂಡು ತೋರಿಸಲೇ?"

ಉಂಗುರ ತಿರುಗಿಸಿದೆ. ಟಿಕ್, ಟಿಕ್, ಎಂಟರವರೆಗೆ.
ಅಂಚಿನ ಗಾಜೆಲ್ಲ, ನನ್ನ ಎರಡು ವರ್ಷದ ಜಗಳವೆಲ್ಲ
ಒಂಬತ್ತು ಬ್ಲೇಡುಗಳ ಹಿಂದೆ ಮುಚ್ಚಿಹೋಯಿತು.
ಈ ಚಿತ್ರಕ್ಕೆ ಯಾರದೋ ಹಳೆಯ ಅಗ್ಗದ ಲೆನ್ಸು ಸಾಕಿತ್ತು.
ಬೆಳಕು ಸಾಲದು; ಉಸಿರು ಹಿಡಿದು ನಿಂತರು,
ನಾನೂ ಹಿಡಿದೆ.

ಈಗ ಎಲ್ಲವೂ ಇತ್ತು. ಕಿವಿ. ನೀರಿನ ನಳಿಗೆ.
ಮೊಳೆಗೆ ನೇತುಹಾಕಿದ ಏಪ್ರನ್.
ಯಂತ್ರದ ಪಕ್ಕೆಯ ಮೇಲೆ ಸೀಮೆಸುಣ್ಣದ ಗೀಟುಗಳು,
ಐದೈದರ ಕಟ್ಟು, ಎಂಟು ಕಟ್ಟು, ಮೇಲೆ ಮೂರು.
ದಿನವೂ ಆ ದಾರಿಯಲ್ಲೇ ಹೋಗುತ್ತಿದ್ದೆ, ಕಂಡಿರಲಿಲ್ಲ.

ಏನಿವು, ಕೇಳಿದೆ.
"ನೀವು ಬೇಡವೆಂದ ಗಾಜುಗಳು," ಅಂದರು.
"ಉಜ್ಜಿದ್ದೆನಲ್ಲ."
ಮತ್ತೆ ಬಟ್ಟೆ ಮಡಚತೊಡಗಿದರು, ಮೂಲೆಗೆ ಮೂಲೆ ಕೂಡಿಸಿ.